ತುಬಾಕಿ ಮಾಡಿಸುವ ಮುಂಚೆ: ಯಾವ ಲಾಕು, ಯಾವ ಮರ, ಯಾವ ಕೆತ್ತನೆ?

ನನ್ನ ಕೈ ಪಳಗಿದ್ದು ಬಳ್ಳಾರಿಯ ಪಾತ್ರೆ ಅಂಗಡಿಯಲ್ಲಿ. ಮದುವೆ ಸೀಜನ್ ಬಂತೆಂದರೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೊಡ, ತಟ್ಟೆ, ಬೋಗುಣಿಗಳಿಗೆ ಹೆಸರು ಹಾಕುವುದೇ ಕೆಲಸ. ಆಮೇಲೆ ಬೆಳ್ಳಿಗೆ ಬಂದೆ. ದೇವರ ಕವಚ, ಪ್ರಭಾವಳಿ. ಈಗ ಕೆಲವು ವರ್ಷಗಳಿಂದ ತುಬಾಕಿಗಳಿಗೆ ಕೆತ್ತನೆ ಮಾಡುತ್ತಿದ್ದೇನೆ. ತುಬಾಕಿ ಅಂದರೆ ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬಿ ಗಜ ಎಂಬ ಉದ್ದ ಸರಳಿನಲ್ಲಿ ಗಿಡಿಯುವ ಹಳೇ ಮಾದರಿಯ ಬಂದೂಕು. ನಳಿಗೆ ಮತ್ತು ಮದ್ದು ಹೊತ್ತಿಸುವ ಲಾಕಿನ ಕೆಲಸ ಲೈಸೆನ್ಸ್ ಇರುವ ಬಂದೂಕು ತಯಾರಕರದು. ನಾನು ಅವರ ಕಾರ್ಖಾನೆಯಲ್ಲೇ ಕೂತು ಲೋಹದ ಮೇಲೆ ಗೆರೆ ಹಾಕುತ್ತೇನೆ, ಮರದ ಹಿಡಿಯನ್ನು ತೀಡುತ್ತೇನೆ.

ಬರುವವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಅಣ್ಣ, ಡಿಸೈನ್ ತೋರಿಸ್ರಿ." ಡಿಸೈನ್ ಕೊನೆಗೆ ಬರುವ ವಿಷಯ. ಅದಕ್ಕೂ ಮೊದಲು ಆರಿಸಬೇಕಾದ್ದು ನಾಲ್ಕೈದಿದೆ. ಅವನ್ನು ಆರಿಸಲು ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಇನ್ನು ಇಪ್ಪತ್ತು ವರ್ಷ ಬಿಟ್ಟು ಇದು ಕೆಟ್ಟರೆ, ನಮ್ಮೂರಲ್ಲೇ ಒಬ್ಬ ಕೆಲಸಗಾರ ಕೂತು ಸರಿ ಮಾಡಲು ಆಗುತ್ತದಾ? ಆಗುತ್ತದೆ ಅಂದರೆ ತಗೊಳ್ಳಿ. ಆಗುವುದಿಲ್ಲ ಅಂದರೆ ಎಷ್ಟೇ ಚೆಂದ ಕಂಡರೂ ಬಿಡಿ.

ಕಾನೂನಿನ ಮಾತು ಮೊದಲು

ಬಾಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಬೇಡ ಎಂದು ನಮ್ಮ ಕಡೆ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು, ತಯಾರಿಸಲು, ರಿಪೇರಿ ಮಾಡಲು ಬೇರೆ ಲೈಸೆನ್ಸ್ ಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ, ಅಂದರೆ ವಂಶಪಾರಂಪರ್ಯದ ಜಮೀನಿನ, ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2029ರವರೆಗೆ ವಿನಾಯಿತಿ ಕೊಟ್ಟಿದೆ. ಆ ಸುದ್ದಿ ಕೇಳಿ ಎಲ್ಲರಿಗೂ ಹಾಗೇ ಅಂದುಕೊಳ್ಳುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೂತ ನಮಗೆ ಅದು ಅನ್ವಯಿಸುವುದಿಲ್ಲ. ಲೈಸೆನ್ಸ್ ಪುಸ್ತಕ ಇಲ್ಲದೆ ಬಂದವರನ್ನು ನಾವು ವಾಪಸ್ ಕಳಿಸುತ್ತೇವೆ.

ಇನ್ನೊಂದು ಮಾತು. ಅಟ್ಟದ ಮೇಲೆ ಮುತ್ತಜ್ಜನ ಕಾಲದ ತುಬಾಕಿ ಸಿಕ್ಕಿತು, ಅದಕ್ಕೇ ಹೊಸ ಕೆತ್ತನೆ ಹಾಕಿಸೋಣ ಅನ್ನುವವರು ಇದ್ದಾರೆ. ದಯವಿಟ್ಟು ಬೇಡ. ಮೊದಲು ಪೊಲೀಸ್ ಠಾಣೆಗೆ ತಿಳಿಸಿ, ಅದರ ಕಾಗದಪತ್ರ ಸರಿ ಮಾಡಿಸಿ. ನೂರು ವರ್ಷ ದಾಟಿದ ಕಲಾ ವಸ್ತುಗಳನ್ನು 1972ರ ಕಾಯ್ದೆ ಪುರಾತನ ವಸ್ತು ಎನ್ನುತ್ತದೆ. ಅದರ ಮೇಲೆ ಉಳಿ ಇಟ್ಟರೆ ಹಳೇ ಕೆಲಸಗಾರನ ಗೆರೆ ಹೋಯಿತು, ಮತ್ತೆ ಬರುವುದಿಲ್ಲ. ಅಂಥದ್ದನ್ನು ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಇಡಿ. ಸಾಕು.

ಬರೀ ಗೋಡೆಗೆ ತೂಗುಹಾಕಲು, ಬಯಲಾಟದಲ್ಲಿ ಹಿಡಿಯಲು ಬೇಕು ಅನ್ನುವವರಿಗೆ ನಿಜವಾದ ನಳಿಗೆಯೇ ಬೇಡ. ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ, ದೇವರ ಪಲ್ಲಕ್ಕಿ, ವಾಹನ ಮಾಡುತ್ತಾರೆ. ಹುಣಸೆ ಬೀಜದ ಅಂಟು ಬಳಸಿ ಉಬ್ಬು ಕೆಲಸ ಮಾಡಿ, ತವರದ ಹಾಳೆಯಿಂದ ಬೆಳ್ಳಿ, ಬಂಗಾರದ ಹೊಳಪು ತರುವ ವಿದ್ಯೆ ಅವರದು. ಪೂರ್ತಿ ಮರದ ತುಬಾಕಿಯನ್ನು ಆ ಕೈಗಳಲ್ಲಿ ಮಾಡಿಸಿದರೆ ಲೋಹದ್ದಕ್ಕಿಂತ ಚೆಂದ ಬರುತ್ತದೆ, ಹಗುರವಾಗಿಯೂ ಇರುತ್ತದೆ.

ಚಕಮಕಿಯೋ, ಕೇಪೋ?

ಲಾಕು ಅಂದರೆ ಬಂದೂಕಿನ ಪಕ್ಕದಲ್ಲಿ ಕೂರುವ, ಕಿಡಿ ಹೊತ್ತಿಸುವ ಯಂತ್ರ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುಗಾರರು ಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಕೆಡವಿದರು ಎಂದು ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅವು ಉರಿಯುವ ಬತ್ತಿಯಿಂದ ಹೊತ್ತಿಸುವ ಬಂದೂಕುಗಳು. ಅದರ ನಂತರ ಬಂದದ್ದು ಚಕಮಕಿ. 1600ರ ನಂತರ ಫ್ರಾನ್ಸಿನಲ್ಲಿ ರೂಪ ಪಡೆದು ಸುಮಾರು ಇನ್ನೂರು ವರ್ಷ ನಡೆಯಿತು. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಆದದ್ದೂ ಇದೇ. ಹುಲಿಪಟ್ಟೆಯ ಗುರುತು, ಹುಲಿಮುಖ ಕೆತ್ತಿದ ಆ ಲಾಕುಗಳನ್ನು ಚಿತ್ರದಲ್ಲಿ ನೋಡಿದರೂ ಕೈ ತುರಿಸುತ್ತದೆ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತ್ ಬಡಿದರೆ ಹೊತ್ತುವ ಮದ್ದಿಗೆ ಪೇಟೆಂಟ್ ಪಡೆದ. ಚಕಮಕಿಯ ಹೊಗೆ ಕಂಡು ಹಕ್ಕಿಗಳು ಮೊದಲೇ ಹಾರಿಹೋಗುತ್ತಿದ್ದವು, ಅದೇ ಅವನ ತೊಂದರೆ. ಅದರ ಹಿಂದೆಯೇ ಅಂಥ ಮದ್ದು ತುಂಬಿದ ಪುಟ್ಟ ತಾಮ್ರದ ಟೋಪಿ, ಅಂದರೆ ಕೇಪು, ಬಂತು.

ಹೊಲದ ರಕ್ಷಣೆಗೆ ಲೈಸೆನ್ಸ್ ಪಡೆದವರು ಕೇಪಿನದನ್ನೇ ತಗೊಳ್ಳಿ. ಗಾಳಿ, ತುಂತುರು ಮಳೆಯಲ್ಲೂ ಹೊತ್ತುತ್ತದೆ. ಒಳಗಿನ ಭಾಗಗಳೂ ಸರಳ. ಕೇಪು ಮಾತ್ರ ಪ್ರತಿ ಸಲ ಲೈಸೆನ್ಸ್ ತೋರಿಸಿಯೇ ಕೊಳ್ಳಬೇಕು.

ಆಯುಧಪೂಜೆಗೆ ಇಟ್ಟು ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟಿಸುವುದಾದರೆ ನನ್ನ ಓಟು ಚಕಮಕಿಗೆ. ಕೆತ್ತುವವನಿಗೆ ಅದರಲ್ಲಿ ಜಾಗ ಜಾಸ್ತಿ. ಕಲ್ಲನ್ನು ಕಚ್ಚಿ ಹಿಡಿಯುವ, ಹಂಸದ ಕತ್ತಿನ ಹಾಗೆ ಬಾಗಿದ ಕುದುರೆ, ಮದ್ದು ಇಡುವ ಕೆಳಗಿನ ಬಟ್ಟಲು, ಉದ್ದನೆಯ ಬಾಲ. ಆದರೆ ಸುಮ್ನೆ ರೂಪಕ್ಕೆ ಮರುಳಾಗಬೇಡಿ. ಕಾರ್ಖಾನೆಯಲ್ಲಿ ದೀಪ ಆರಿಸಲು ಹೇಳಿ, ಬಂದೂಕಿಗೆ ಜೋಡಿಸದ ಬರೀ ಲಾಕನ್ನು ಅವರ ಕೈಯಲ್ಲಿ ಹೊಡೆಸಿ ನೋಡಿ. ಕಲ್ಲು ಉಕ್ಕಿನ ತಟ್ಟೆಯನ್ನು ಮೇಲಿಂದ ಕೆಳಗೆ ಕೆರೆಯಬೇಕು. ಬೆಳ್ಳಗಿನ, ದಪ್ಪ ಕಿಡಿಗಳು ಹಿಡಿಯಷ್ಟು ಬಟ್ಟಲಿಗೇ ಬೀಳಬೇಕು. ಎರಡೇ ಎರಡು ಕೆಂಪು ಕಿಡಿ ಹಾರಿ ನಂದಿದರೆ ತಟ್ಟೆ ಸರಿಯಾಗಿ ಪದ ಹಿಡಿದಿಲ್ಲ, ಅಂದರೆ ಕಾಸಿ ತಣಿಸಿದಾಗ ಬೇಕಾದಷ್ಟು ಗಟ್ಟಿಯಾಗಿಲ್ಲ ಅಂತಲೇ ಅರ್ಥ. ಹಾಗಂತ ಲಾಕನ್ನೇ ಬೇಡ ಎನ್ನಬೇಕಿಲ್ಲ. ತಟ್ಟೆಯನ್ನು ಮತ್ತೆ ಕಾಸಿ ಪದ ಹಾಕಬಹುದು. ಈ ಕಾರಣಕ್ಕೂ ನನಗೆ ಚಕಮಕಿ ಇಷ್ಟ.

ಮರ: ಇಲ್ಲಿ ಅವಸರ ಮಾಡಿದರೆ ಕೆಟ್ಟಿರಿ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1700ರ ದಶಕಗಳಲ್ಲಿ ಜರ್ಮನಿಯಿಂದ ಬಂದು ನೆಲೆಸಿದ ಕೆಲಸಗಾರರು ಉದ್ದ ನಳಿಗೆಯ ರೈಫಲ್ ಮಾಡಿದರು. ನಳಿಗೆಯ ಒಳಗೆ ತಿರುಚಿದ ಗಾಡಿ, ಅಂದರೆ ಸಣ್ಣ ಕಾಲುವೆಯಂಥ ತೋಡು, ಕೊರೆದು ಗುಂಡು ತಿರುಗುತ್ತಾ ಹೋಗುವ ಹಾಗೆ ಮಾಡಿದ್ದರಿಂದ ಅದು ರೈಫಲ್. ನಮ್ಮ ತುಬಾಕಿಗಳಲ್ಲಿ ಬಹುತೇಕ ಒಳಗೆ ನುಣುಪು. ಆ ಜನ ಹಿಡಿಗೆ ಆರಿಸಿದ್ದು ತಮ್ಮ ಕಾಡಿನ ಮೇಪಲ್ ಮರ. ಅಲೆ ಅಲೆಯಾಗಿ ಎಳೆ ಮಿನುಗುತ್ತದೆ. ಚಿತ್ರ ನೋಡಿ ಅದೇ ಬೇಕು ಅನ್ನುವ ಗಿರಾಕಿಗಳಿದ್ದಾರೆ. ಅವರು ತಮ್ಮೂರಲ್ಲಿ ಸಿಕ್ಕ ಮರ ಬಳಸಿದರು, ನಾವು ನಮ್ಮ ಬಿಸಿಲಿಗೆ ತಡೆಯುವ ಮರ ನೋಡೋಣ.

ಆಕ್ರೋಟು ಎಲ್ಲಕ್ಕಿಂತ ಮೇಲು. ಕಾಶ್ಮೀರದಿಂದ ಬರುತ್ತದೆ, ದುಬಾರಿ. ತೂಕ ಹದ, ಉಳಿಗೆ ಬೆಣ್ಣೆಯ ಹಾಗೆ ಒಗ್ಗುತ್ತದೆ, ಲಾಕು ಕೂರಿಸುವ ಗೂಡಿನ ಅಂಚು ಚೂಪಾಗಿ ನಿಲ್ಲುತ್ತದೆ. ಪೆಟ್ಟು ತಿಂದರೂ ಸೀಳುವುದು ಕಡಿಮೆ.

ಸಾಗುವಾನಿಯನ್ನು ಎಲ್ಲರೂ ಕೇಳುತ್ತಾರೆ. ಬಾಗಿಲಿಗೆ ಒಳ್ಳೆಯದು, ಹಾಗಾಗಿ ಇದಕ್ಕೂ ಒಳ್ಳೆಯದು ಎಂಬ ನಂಬಿಕೆ. ಅದರಲ್ಲಿ ಮರಳಿನ ಅಂಶ ಇರುತ್ತದೆ, ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಸಣ್ಣ ಕೆತ್ತನೆ ಹಾಕಿದರೆ ಎಳೆ ಚಕ್ಕೆ ಏಳುತ್ತದೆ. ಹುಳ ಹಿಡಿಯುವುದಿಲ್ಲ ಎಂಬುದು ನಿಜ. ಕೆತ್ತನೆ ಇಲ್ಲದ, ಸಾದಾ ಹಿಡಿಗೆ ನಡೆಯುತ್ತದೆ.

ಬೀಟೆ ನೋಡಲು ರಾಜ. ಆದರೆ ಭಾರ, ಮತ್ತು ತೆಳ್ಳಗಾದ ಜಾಗದಲ್ಲಿ ಪಟ್ ಎಂದು ಮುರಿಯುವ ಗುಣ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಕಾಗದ ಬೇಕೇ ಬೇಕು. ಶೀಶಂ ಅದರ ತಮ್ಮ ಇದ್ದ ಹಾಗೆ, ಅಷ್ಟು ಕಪ್ಪಲ್ಲ, ಗಟ್ಟಿ, ಬೆಲೆಯೂ ಹದ. ದುಡ್ಡಿನ ಲೆಕ್ಕ ಹಾಕುವವರಿಗೆ ನಾನು ಹೇಳುವುದು ಶೀಶಂ.

ಇನ್ನು ನಮ್ಮ ಹೊಲದ ಬದುವಿನ ಕರಿಜಾಲಿ. ಬಂಡಿ ಚಕ್ರಕ್ಕೆ, ಕುಂಟೆಗೆ ಅಜ್ಜಂದಿರು ಹಾಕುತ್ತಿದ್ದ ಮರ. ಯಾರೂ ಇದನ್ನು ಕೇಳುವುದಿಲ್ಲ, ಅದು ನನಗೆ ಬೇಸರ. ಕೆತ್ತಲು ಕಷ್ಟ, ಕೈ ನೋಯುತ್ತದೆ. ಆದರೆ ಹದವಾಗಿ ಒಣಗಿದ ಜಾಲಿಯ ಹಿಡಿ ಪೆಟ್ಟಿಗೆ ಜಗ್ಗುವುದಿಲ್ಲ. ಎಣ್ಣೆ ಕುಡಿದ ಮೇಲೆ ಬೆಲ್ಲದ ಬಣ್ಣ ಬರುತ್ತದೆ.

ಮರದ ಜಾತಿಗಿಂತ ದೊಡ್ಡದು ಎರಡು ವಿಷಯ. ಒಂದು ಎಳೆ. ಕೈ ಹಿಡಿಯುವ ಕತ್ತಿನ ಜಾಗದಲ್ಲಿ ಎಳೆ ಉದ್ದಕ್ಕೆ ನೇರವಾಗಿ ಹರಿಯಬೇಕು. ಅಡ್ಡ ಹೋಗಿದ್ದರೆ ಅದು ಮುರಿಯುವ ಜಾಗ. ಚಿತ್ತಾರ ಏನಿದ್ದರೂ ಭುಜಕ್ಕೆ ಒರಗುವ ಅಗಲ ಭಾಗದಲ್ಲಿರಲಿ. ಎರಡನೆಯದು ಒಣಗು. ದಪ್ಪ ಒಂದು ಇಂಚಿಗೆ ಒಂದು ವರ್ಷ ನೆರಳಲ್ಲಿ ಎಂಬುದು ಬಡಗಿಗಳ ಹಳೇ ಲೆಕ್ಕ. ಹಿಡಿಯ ಹಲಗೆ ಎರಡೂವರೆ ಇಂಚು ಇರುತ್ತದೆ, ನೀವೇ ಲೆಕ್ಕ ಹಾಕಿ.

ಒಮ್ಮೆ ನಾನು ಮಾರುವವನ ಮಾತು ನಂಬಿ, ಒಣಗಿದೆ ಎಂದ ಸಾಗುವಾನಿ ಹಲಗೆ ತಂದೆ. ಫೆಬ್ರವರಿಯಲ್ಲಿ ಕೆಲಸ ಮುಗಿಯಿತು. ಮೇ ತಿಂಗಳಲ್ಲಿ ಬಂದೂಕು ವಾಪಸ್ ಬಂತು. ಲಾಕಿನ ಹಿಂದಿನ ತುದಿಯಿಂದ ಕತ್ತಿನವರೆಗೆ ಕೂದಲಿನಷ್ಟು ಸೀಳು. ಗಿರಾಕಿ ಒಂದು ಮಾತೂ ಬೈಯಲಿಲ್ಲ, ಸೀಳಿನ ಮೇಲೆ ಉಗುರು ಆಡಿಸಿ ನನ್ನ ಮುಖ ನೋಡಿದರು. ಆ ಹಿಡಿಯನ್ನು ನನ್ನ ಖರ್ಚಿನಲ್ಲೇ ಹೊಸದು ಮಾಡಿಕೊಟ್ಟೆ. ಅವತ್ತಿನಿಂದ ಪ್ರತಿ ಹಲಗೆಯನ್ನೂ ಕಿರಾಣಿ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ತೂಕವನ್ನು ಅದರ ಮೈಮೇಲೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಒಂದು ತಿಂಗಳು ತೂಕ ಇಳಿಯದೆ ನಿಂತರೆ ಆಗ ಗರಗಸ ಹಚ್ಚುವುದು. ನೀವು ಯಾರ ಹತ್ತಿರ ಮಾಡಿಸಿದರೂ ಹಲಗೆಯ ಮೇಲೆ ಈ ಲೆಕ್ಕ ಇದೆಯಾ ಕೇಳಿ.

ಎಣ್ಣೆಯೋ, ಪಾಲಿಶೋ?

ಪಾಲಿಯುರೆಥೇನ್ ಹೊಡೆದರೆ ಒಂದೇ ದಿನದಲ್ಲಿ ಗಾಜಿನ ಹಾಗೆ ಹೊಳೆಯುತ್ತದೆ. ಗೀರು ಬಿದ್ದರೆ ಪೂರ್ತಿ ಕೆರೆದು ಮತ್ತೆ ಹೊಡೆಯಬೇಕು. ಅಗಸೆ ಎಣ್ಣೆ ಹಚ್ಚಿದ ಹಿಡಿಗೆ ಗೀರು ಬಿದ್ದರೆ ಅಲ್ಲಿಗಷ್ಟೇ ಎರಡು ಹನಿ ಹಾಕಿ ಅಂಗೈಯಲ್ಲಿ ಉಜ್ಜಿದರೆ ಆಯಿತು. ಅಗಸಿ ನಮ್ಮ ಹೊಲದ ಬೆಳೆ, ಚಟ್ನಿ ಪುಡಿ ತಿಂದೇ ಬೆಳೆದವರು ನಾವು. ಆ ಎಣ್ಣೆ ಗಾಳಿಗೆ ಗಟ್ಟಿಯಾಗುವ ಜಾತಿ. ಕುಸುಬಿ ಎಣ್ಣೆಯೂ ಗಟ್ಟಿಯಾಗುತ್ತದೆ, ಆದರೆ ನಿಧಾನ. ಬಣ್ಣ ಹಳದಿಯಾಗುವುದು ಕಡಿಮೆ. ಶೇಂಗಾ ಎಣ್ಣೆ ಹಚ್ಚಬೇಡಿ. ಅದು ಎಂದೂ ಒಣಗುವುದಿಲ್ಲ, ಜಿಡ್ಡು ಜಿಡ್ಡಾಗಿ ಧೂಳು ಹಿಡಿಯುತ್ತದೆ.

ಅಗಸೆ ಎಣ್ಣೆಯ ಬಟ್ಟೆಯ ಬಗ್ಗೆ ಕೈ ಮುಗಿದು ಹೇಳುತ್ತೇನೆ. ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನೇ ಕಾದು ಹೊತ್ತಿಕೊಳ್ಳಬಹುದು. ನಮ್ಮೂರ ಬಿಸಿಲಲ್ಲಿ ಅಪಾಯ ಇನ್ನೂ ಜಾಸ್ತಿ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕೆತ್ತನೆ: ಐದು ದಾರಿ

ಲೇಸರ್ ಅಂಗಡಿ ಈಗ ಎಲ್ಲ ಕಡೆ ಇದೆ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಸಿಗುತ್ತದೆ, ಫೋಟೋ ಕೊಟ್ಟರೆ ಫೋಟೋನೇ ಬರುತ್ತದೆ. ಅಂಥ ಗುರುತು ಹೆಚ್ಚಾಗಿ ಮೇಲ್ಮೈಯ ಸುಟ್ಟ ಕಲೆ, ಆಳ ಇಲ್ಲ. ಕರಿಮದ್ದಿನ ಮಸಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಅದಕ್ಕೇ ಪ್ರತಿ ಸಲ ಬಿಸಿನೀರಲ್ಲಿ ತೊಳೆದು, ಉಜ್ಜಿ, ಎಣ್ಣೆ ಹಚ್ಚಬೇಕು. ಹಾಗೆ ಉಜ್ಜುತ್ತಾ ಹೋದರೆ ಲೇಸರ್ ಗುರುತು ಮಾಸುತ್ತದೆ. ಮಾಸಿದ್ದನ್ನು ಎಬ್ಬಿಸಲು ಅಲ್ಲಿ ಗೆರೆಯೇ ಇರುವುದಿಲ್ಲ.

ಆಸಿಡ್ಡಿನಲ್ಲಿ, ಅಂದರೆ ಫೆರಿಕ್ ಕ್ಲೋರೈಡಿನಲ್ಲಿ ತಿನ್ನಿಸಿದ ಚಿತ್ರಕ್ಕೆ ಸ್ವಲ್ಪ ಆಳ ಇರುತ್ತದೆ. ತಳ ಮಾತ್ರ ಚಪ್ಪಟೆ, ಮಂಕು. ದೊಡ್ಡ ಚಿತ್ರಕ್ಕೆ ಸರಿ, ಬಳ್ಳಿಗೆ ಜೀವ ಬರುವುದಿಲ್ಲ. ಪಾತ್ರೆಗೆ ಹೆಸರು ಬರೆಯುವ ಕರೆಂಟಿನ ಪೆನ್ನು ಚುಕ್ಕಿ ಚುಕ್ಕಿ ಕುಕ್ಕುತ್ತದೆ, ಉಕ್ಕಿನ ಮೇಲೆ ಅದನ್ನು ಹಿಡಿಯಲೇಬೇಡಿ. ಇಷ್ಟು ವರ್ಷ ಅದರಿಂದಲೇ ಅನ್ನ ತಿಂದವನು ಹೇಳುತ್ತಿದ್ದೇನೆ.

ಉಳಿದದ್ದು ಎರಡು ಕೈದಾರಿ. ಬೆಳ್ಳಿ, ಹಿತ್ತಾಳೆಗೆ ಅಂಗೈಯಲ್ಲಿ ಒತ್ತಿ ತಳ್ಳುವ ಉಳಿ. ಉಕ್ಕಿಗೆ ಉಳಿ ಮತ್ತು ಸಣ್ಣ ಸುತ್ತಿಗೆ. ಗಾಳಿಯಿಂದ ಬಡಿಯುವ ಯಂತ್ರದ ಉಳಿಯೂ ಬಂದಿದೆ, ಕಂಪ್ರೆಸರ್ ಬೇಕು, ದುಬಾರಿ. ಅದರಲ್ಲೂ ಗೆರೆ ನಡೆಸುವುದು ಕೈಯೇ, ಹಾಗಾಗಿ ಅದನ್ನು ನಾನು ಕೀಳು ಎನ್ನುವುದಿಲ್ಲ. ಬೆರಳು ನೋಯುವ ವಯಸ್ಸಾದವರಿಗೆ ಅದು ವರ.

ಉಳಿ ಉಕ್ಕಿನಲ್ಲಿ ಹೇಗೆ ಹೋಗುತ್ತದೆ ನೋಡಿ. ಚೌಕ ಉಳಿಯ ಮೂತಿಯನ್ನು ಓರೆಯಾಗಿ ತೀಡಿರುತ್ತೇವೆ. ಕೆಳಗೆ ಕಣ್ಣಿಗೆ ಕಾಣದಷ್ಟು ಹಿಮ್ಮಡಿ ಬಿಟ್ಟಿರುತ್ತೇವೆ. ಆ ಹಿಮ್ಮಡಿ ಇಲ್ಲದಿದ್ದರೆ ಉಳಿ ನೆಲ ಅಗೆಯುವ ಹಾಗೆ ಕೆಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಟಕ್ ಟಕ್ ಎಂದು ಸಣ್ಣ ಪೆಟ್ಟು. ಮುಂದೆ ಲೋಹದ ಸುರುಳಿ ಏಳುತ್ತದೆ, ಎಳೆ ಬಳ್ಳಿಯ ಕುಡಿಯ ಹಾಗೆ. ಸುರುಳಿ ತುಂಡಾಗದೆ ಬಂದರೆ ಕೈ ಹದದಲ್ಲಿದೆ. ಬಳ್ಳಿ ಎಲ್ಲಿ ದಪ್ಪ ಆಗಬೇಕೋ ಅಲ್ಲಿ ಉಳಿಯನ್ನು ಸ್ವಲ್ಪ ಹೊರಳಿಸಬೇಕು. ಗೆರೆಯ ಒಂದು ಗೋಡೆ ನೇರ, ಒಂದು ಇಳಿಜಾರು ಆಗುತ್ತದೆ. ಕಿಟಕಿಯ ಬೆಳಕು ಆ ಇಳಿಜಾರಿಗೆ ಬಿದ್ದು ಹೊಳೆಯುತ್ತದೆ. ಲೇಸರಿನಲ್ಲಿ ಈ ಹೊಳಪು ಎಂದೂ ಬರದು. ಮತ್ತೆ, ಅಂಥ ಆಳದ ಗೆರೆ ಮೂವತ್ತು ವರ್ಷ ಸವೆದರೂ ಅದೇ ದಾರಿಯಲ್ಲಿ ಇನ್ನೊಬ್ಬ ಉಳಿ ನಡೆಸಬಹುದು.

ಹಾಗಾಗಿ ದುಡ್ಡು ಕಡಿಮೆ ಇದ್ದರೆ ಕೆತ್ತನೆ ಕಡಿಮೆ ಮಾಡಿಸಿ, ಆಳ ಕಡಿಮೆ ಮಾಡಿಸಬೇಡಿ. ಲಾಕಿನ ಬಾಲಕ್ಕೆ ಒಂದೇ ಬಳ್ಳಿ, ಅಂಚಿಗೆ ಒಂದು ಗೆರೆ. ಮೈತುಂಬ ತೆಳು ಗೀಚಿಗಿಂತ ಅದು ಎಷ್ಟೋ ಮೇಲು. ಕೆಲಸದ ಸರದಿಯನ್ನೂ ಕೇಳಿಕೊಳ್ಳಿ: ಲಾಕಿನ ಉಕ್ಕಿನ ಪ್ಲೇಟು ಮೆತ್ತಗಿರುವಾಗಲೇ ಕೆತ್ತನೆ, ಆಮೇಲೆ ಪದ. ಪದ ಹಾಕಿದ ಪ್ಲೇಟನ್ನು ತಂದು ಕೆತ್ತು ಎಂದರೆ ಉಳಿಯ ಮೂತಿ ಮುರಿಯುತ್ತದೆ, ಇಲ್ಲವೇ ಜಾರುತ್ತದೆ. ಜಾರಿದ ಗೀರನ್ನು ಮುಚ್ಚಲು ಇಲ್ಲದ ಎಲೆಯೊಂದನ್ನು ಬಳ್ಳಿಗೆ ಸೇರಿಸಬೇಕಾಗುತ್ತದೆ.

ಬೆಳ್ಳಿ ತಂತಿ ಬೇಕಾ?

ಇದರಲ್ಲೂ ಎರಡು ಬಗೆ. ಕೋಫ್ತಗಾರಿಯಲ್ಲಿ ಉಕ್ಕಿನ ಮೈಯನ್ನು ಬಲೆಯ ಹಾಗೆ ಗೀರಿ ಒರಟು ಮಾಡಿ, ಅದರ ಮೇಲೆ ತಂತಿ ಬಡಿದು ಕೂರಿಸುತ್ತಾರೆ. ರಾಜಸ್ಥಾನದ ಉದಯಪುರದಲ್ಲಿ ಕತ್ತಿಯ ಹಿಡಿಗಳಿಗೆ ಈಗಲೂ ಮಾಡುತ್ತಾರೆ. ನೋಡಲು ಕಣ್ಣು ಕುಕ್ಕುತ್ತದೆ, ಆದರೆ ಉಜ್ಜಿ ಉಜ್ಜಿ ಎದ್ದುಬರುತ್ತದೆ. ಇನ್ನೊಂದು, ಗಾಡಿ ತೋಡಿ ಅದರ ತಳವನ್ನು ಎರಡೂ ಕಡೆ ಒಳಕ್ಕೆ ಕೊರೆದು ತಂತಿ ಹೂಳುವುದು. ಬೆಳ್ಳಿ ಹಿಗ್ಗಿ ಬೇರು ಬಿಡುತ್ತದೆ. ನಮ್ಮ ಬೀದರಿನ ಬಿದ್ರಿ ಕೆಲಸಗಾರರೂ ತೋಡಿಯೇ ಬೆಳ್ಳಿ ಹೂಳುತ್ತಾರೆ, ಆದರೆ ಅವರದು ಸತು, ತಾಮ್ರದ ಮೆತ್ತನೆ ಮಿಶ್ರಲೋಹ. ಬೀದರ್ ಕೋಟೆಯ ಮಣ್ಣು, ನವಸಾಗರ ಹಚ್ಚಿ ಕಪ್ಪು ಮಾಡುವುದು ಆ ಲೋಹಕ್ಕೇ ಹೊರತು ಉಕ್ಕಿಗಲ್ಲ. ಬಿದ್ರಿಯ ಒಂದು ಬಿಲ್ಲೆ ಮಾಡಿಸಿ ಮರದ ಹಿಡಿಗೆ ಕೂರಿಸಿ, ತುಂಬಾ ಚೆಂದ. ಉಕ್ಕಿಗೆ ಹೂಳಿದ ತಂತಿಯೇ ಇರಲಿ.

ಬಣ್ಣದ ಬಗ್ಗೆ ಎರಡೇ ಮಾತು. ಸಣ್ಣ ಗೆರೆಗಳ ಕೆತ್ತನೆ ಇದ್ದರೆ ಉಕ್ಕನ್ನು ಬೂದು ಬಣ್ಣಕ್ಕೇ ಬಿಡಿ. ತುಕ್ಕು ಬರಿಸಿ ಉಜ್ಜಿ ಕಂದು ಮಾಡುವ ಹಳೇ ಪದ್ಧತಿ ನಳಿಗೆಗೆ ಒಪ್ಪುತ್ತದೆ, ಸಣ್ಣ ಗೆರೆಯನ್ನು ಅದು ತಿನ್ನುತ್ತದೆ. ಆ ಕೆಲಸಕ್ಕೆ ಗಾಳಿಯಲ್ಲಿ ತೇವ ಬೇಕು, ನಮ್ಮಲ್ಲಿ ಮಳೆಗಾಲದಲ್ಲೇ ಕೊಡಿ.

ಹೆಸರು ಹಾಕಿಸುವುದಾದರೆ

ಇಂಗ್ಲಿಷಿನ ದೊಡ್ಡಕ್ಷರ ನೇರ ಗೆರೆ, ಬೇಗ ಮುಗಿಯುತ್ತದೆ. ಕನ್ನಡ ಅಕ್ಷರ ದುಂಡು. ಉಕ್ಕಿನಲ್ಲಿ ದುಂಡು ಕೆತ್ತುವಾಗ ಉಳಿ ತಿರುಗುವುದಿಲ್ಲ, ಪ್ಲೇಟು ಹಿಡಿದ ಗುಂಡು ವೈಸನ್ನೇ ಎಡಗೈಯಲ್ಲಿ ತಿರುಗಿಸಬೇಕು. 'ರ' ಬರೆಯುವಾಗ ವೈಸು ಒಂದು ಸುತ್ತು ಬರುತ್ತದೆ. 'ಶ್ರೀ' ಅಂದರೆ ನನಗೆ ಅರ್ಧ ದಿನ. ಆದರೂ ಕನ್ನಡದಲ್ಲೇ ಹಾಕಿಸಿ ಎಂದು ಕೇಳಿಕೊಳ್ಳುತ್ತೇನೆ. ಬಳ್ಳಿಯ ಪಕ್ಕ ಆ ದುಂಡಕ್ಷರ ಇನ್ನೊಂದು ಬಳ್ಳಿಯ ಹಾಗೇ ಕೂರುತ್ತದೆ. ಒತ್ತಕ್ಷರ ಇದ್ದರೆ ಕೆಳಗೆ ಜಾಗ ಬೇಕು. 'ಬಸಪ್ಪ'ನಿಗೆ 'ಶಿವರಾಮ'ನಿಗಿಂತ ಅಗಲದ ಪಟ್ಟಿ ಬೇಕಾಗುತ್ತದೆ. ಅದಕ್ಕೇ ಹೆಸರನ್ನು ಫೋನಿನಲ್ಲಿ ಹೇಳಬೇಡಿ. ಮನೆಯ ಹಿರಿಯರ ಕೈಯಿಂದ ಕಾಗದದ ಮೇಲೆ ಬರೆಸಿ ತನ್ನಿ. ಅವರ ಕೈಬರಹದ ದುಂಡನ್ನೇ ನಾನು ಪ್ಲೇಟಿಗೆ ಇಳಿಸುತ್ತೇನೆ.